ಬಿಸಿಯಾದಾಗ ಆಫ್ ಆಗುವ ಬೈಕಿಗೆ ಮಲ್ಟಿಮೀಟರ್ ಇಡದೆ ಸಿಡಿಐ ಹಾಕಿಸಬೇಡಿ

ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ ಕಡೆ ಬೈಕ್ ಓಡಿಸುವವರು ದಯವಿಟ್ಟು ಓದಿ. ಗಾಡಿ ಓಡಿ ಚೆನ್ನಾಗಿ ಬಿಸಿಯಾದ ಮೇಲೆ ತಟ್ಟನೆ ಆಫ್, ಅರ್ಧ ಗಂಟೆ ನಿಲ್ಲಿಸಿದರೆ ಏನೂ ಆಗದ ಹಾಗೆ ಸ್ಟಾರ್ಟ್. ನಮ್ಮ 100 ಸಿಸಿ ಗಾಡಿಯ ತೊಂದರೆ ಇಷ್ಟೇ. ಮಂಡ್ಯದ ಒಂದು ಗ್ಯಾರೇಜಿನಲ್ಲಿ ಇದಕ್ಕೆ ಸಿಡಿಐ (ಸ್ಪಾರ್ಕ್ ಹೊಡೆಸುವ ಎಲೆಕ್ಟ್ರಾನಿಕ್ ಡಬ್ಬಿ) 1,900, ಹೆಚ್‌ಟಿ ಕಾಯಿಲ್ (ಪ್ಲಗ್‌ಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್) 850, ಕೂಲಿ 400, ಒಟ್ಟು 3,150 ರೂಪಾಯಿ ಕಿತ್ತರು. ತೊಂದರೆ ಹಾಗೇ ಉಳಿಯಿತು.

ಅಲ್ಲಿನ ಮೆಕ್ಯಾನಿಕ್ ಮಾಡಿದ ಟೆಸ್ಟ್ ಏನು ಗೊತ್ತಾ? ಪ್ಲಗ್ ಬಿಚ್ಚಿ ಕಿಕ್ ಹೊಡೆದು, "ಕರೆಂಟ್ ಬತ್ತಿಲ್ಲ, ಸಿಡಿಐ ಹೋಗದೆ ಕಣಣ್ಣ" ಅಂದ. ಮೀಟರ್ ಇಟ್ಟು ನೋಡಪ್ಪ ಅಂದರೆ, "ಮೀಟರ್ ಗೀಟರ್ ಯಾಕಣ್ಣ, ಸೌಂಡ್ ಕೇಳುದ್ರೆ ಗೊತ್ತಾಯ್ತದೆ ನಂಗೆ." ಪ್ಲಗ್ ಅರ್ತ್ ಆಗಿದೆಯಾ, ಅಂದರೆ ಇಂಜಿನ್ ಲೋಹಕ್ಕೆ ತಾಗಿದೆಯಾ ಅಂತಲೂ ನೋಡಲಿಲ್ಲ, ಕ್ಯಾಪ್ ನೇತಾಡುತ್ತಿರುವಾಗಲೇ ಕಿಕ್ ಹೊಡೆದ. ಹಾಗೆ ಹೊಡೆದರೆ ಒಳ್ಳೆಯ ಕಾಯಿಲ್ ಕೂಡ ಸುಡಬಹುದು.

ಮೋಸ ಆಗುವುದು ಇಲ್ಲೇ, ಗಮನಿಸಿ. ಅಂಗಡಿಯಿಂದ ಸಿಡಿಐ ತರಿಸಿ, ಸೀಟು ಬಿಚ್ಚಿ, ಹಾಕುವಷ್ಟರಲ್ಲಿ ಇಂಜಿನ್ ತಣ್ಣಗಾಗಿತ್ತು. ಒಂದೇ ಕಿಕ್ಕಿಗೆ ಸ್ಟಾರ್ಟ್! "ನೋಡುದ್ರಾ?" ಅಂತ ಮುಖ ನೋಡಿ ನಕ್ಕ. ಆ ಹೊತ್ತಿಗೆ ಹಳೇ ಸಿಡಿಐ ಇದ್ದಿದ್ದರೂ ಸ್ಟಾರ್ಟ್ ಆಗುತ್ತಿತ್ತು. ಗಾಡಿ ಮತ್ತೆ ಸರ್ವಿಸ್ ರಸ್ತೆಯಲ್ಲಿ ನಿಂತಾಗ "ಹಂಗಾರೆ ಕಾಯಿಲ್" ಅಂದ. ಅದನ್ನು ಹಾಕುವಷ್ಟರಲ್ಲೂ ತಣ್ಣಗಾಯಿತು, ಆಗಲೂ ಸ್ಟಾರ್ಟ್ ಆಯಿತು! ಮೂರನೇ ಸಲ ವೈರಿಂಗ್ ಪೂರ್ತಿ ಬದಲಾಯಿಸಬೇಕು ಅಂದ. ದುಡ್ಡು ಕೇಳಿದರೆ, "ಎಲೆಕ್ಟ್ರಿಕ್ ಐಟಂ ವಾಪಸ್ ಇಲ್ಲ, ಬೇರೆ ಕಡೆ ತೋರಿಸ್ಕಳಿ."

ಕೊನೆಗೆ ಸಿಕ್ಕಿದ್ದು ಪಲ್ಸರ್ ಕಾಯಿಲ್, ಅಂದರೆ ಯಾವಾಗ ಸ್ಪಾರ್ಕ್ ಹೊಡೆಯಬೇಕು ಅಂತ ಸಿಡಿಐಗೆ ಸಿಗ್ನಲ್ ಕೊಡುವ ಸಣ್ಣ ಕಾಯಿಲ್. ಕಪ್ಲರ್ (ವೈರ್ ಕೂಡಿಸುವ ಪ್ಲಾಸ್ಟಿಕ್ ಸಾಕೆಟ್) ಬಿಚ್ಚಿ ಆ ಕಾಯಿಲ್‌ನ ಎರಡು ತುದಿಗೆ ಮೀಟರ್ ಇಟ್ಟರೆ ತಣ್ಣಗಿದ್ದಾಗ 180 ಓಂ, ಸರಿಯಾಗಿಯೇ ಇದೆ. ಗಾಡಿ ಆಫ್ ಆದ ಕ್ಷಣದಲ್ಲಿ ಅದೇ ಜಾಗದಲ್ಲಿ ಇಟ್ಟರೆ ಓಎಲ್, ಅಂದರೆ ದಾರಿ ಕಡಿದಿದೆ. ಒಳಗಿನ ಸಣ್ಣ ತಂತಿ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ಆರಿದರೆ ಮತ್ತೆ ಕೂಡುತ್ತದೆ. ತಣ್ಣಗಿರುವಾಗ ಎಷ್ಟು ಅಳೆದರೂ ಸಿಗುವುದಿಲ್ಲ. ಬಿಸಿಯಲ್ಲೇ ಅಳೆಯಬೇಕು. ಬಿಸಿಯಲ್ಲೇ!

ಬ್ಯಾಟರಿಯಿಂದ ನಡೆಯುವ ಡಿಸಿ ಸಿಡಿಐ ಆದರೆ ಮೊದಲು ಸಪ್ಲೈ ನೋಡಿ. ಸಿಡಿಐ ಕಪ್ಲರ್ ಬಿಚ್ಚದೆ ಹಿಂದಿನಿಂದ ಮೀಟರ್‌ನ ಪ್ರೋಬ್ ತೂರಿಸಿ, ಕೀ ಆನ್ ಮಾಡಿ. ಬ್ಯಾಟರಿ ವೋಲ್ಟೇಜಿಗಿಂತ ಅರ್ಧ ವೋಲ್ಟಿಗೂ ಜಾಸ್ತಿ ಇಳಿದಿದ್ದರೆ ಕೀ ಸ್ವಿಚ್, ಫ್ಯೂಸ್, ಕಪ್ಲರ್ ಅಥವಾ ಕಿಲ್ ಸ್ವಿಚ್‌ನಲ್ಲಿ (ಇಂಜಿನ್ ಆಫ್ ಮಾಡುವ ಸ್ವಿಚ್) ತುಕ್ಕಿರಬಹುದು. ವಾಟರ್ ಸರ್ವಿಸ್ ಆದ ಮೇಲೆ ಇದು ಜಾಸ್ತಿ. ಬ್ಯಾಟರಿ ಬೇಡದ, ಮ್ಯಾಗ್ನೆಟ್ ಕಾಯಿಲ್‌ನಿಂದ ನಡೆಯುವ ಎಸಿ ಸಿಡಿಐನಲ್ಲಿ ಕಿಲ್ ಸ್ವಿಚ್ ಅರ್ತ್ ಮಾಡಿ ನಿಲ್ಲಿಸುತ್ತದೆ, ಆ ವೈರ್ ಕಿತ್ತಾಗ ಸ್ಪಾರ್ಕ್ ಬಂದರೆ ಸ್ವಿಚ್ಚೋ ಅದರ ವೈರಿಂಗೋ ತಪ್ಪಿತಸ್ಥ. ಆಮೇಲೆ ಪ್ಲಗ್ ಕ್ಯಾಪ್. ಸಾಮಾನ್ಯವಾಗಿ 5 ಕಿಲೋ ಓಂ ಇರುತ್ತದೆ, 20-30 ಕಿಲೋ ಓಂ ತೋರಿಸಿದರೆ ಬಿಸಾಕಿ. ಹೆಚ್‌ಟಿ ಕಾಯಿಲ್‌ನ ಸೆಕೆಂಡರಿಯೂ (ಪ್ಲಗ್ ಕಡೆಯ ಸುತ್ತು) ಬಿಸಿಗೆ ಬಿಟ್ಟುಕೊಳ್ಳುವುದುಂಟು, ಅದನ್ನೂ ಆಫ್ ಆದ ಕೂಡಲೇ ಅಳೆಯಿರಿ. ಸರಿಯಾದ ಓಂ ಎಷ್ಟು ಅಂತ ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್ ನೋಡಿ, ಒಂದೊಂದಕ್ಕೂ ಬೇರೆ.

ಸಿಡಿಐ ಯಾವಾಗಲೂ ಕೊನೆಗೆ. ಸಾದಾ ಮೀಟರ್‌ನಲ್ಲಿ ಅದನ್ನು ಚೆಕ್ ಮಾಡಲು ಆಗುವುದಿಲ್ಲ, ಉಳಿದದ್ದೆಲ್ಲ ಸರಿ ಅಂತಾದ ಮೇಲೆ ಚೆನ್ನಾಗಿ ಓಡುತ್ತಿರುವ ಅದೇ ಮಾಡೆಲ್‌ನ ಬೇರೆ ಗಾಡಿಯ ಸಿಡಿಐ ಹಾಕಿ, ಬಿಸಿಯಾಗುವ ತನಕ ಓಡಿಸಿ ನೋಡಬೇಕು. ಕೊಳ್ಳುವ ಮುಂಚೆ.

ಪಲ್ಸರ್ ಕಾಯಿಲ್ ಕೆಲವು ಮಾಡೆಲ್‌ಗೆ ಬಿಡಿಯಾಗಿ ಸಿಗುತ್ತದೆ, ಕೆಲವಕ್ಕೆ ಕಾಯಿಲ್ ಪ್ಲೇಟ್ (ಮ್ಯಾಗ್ನೆಟ್ ಒಳಗೆ ಕಾಯಿಲ್‌ಗಳು ಕೂತಿರುವ ತಟ್ಟೆ) ಸಮೇತವೇ ಕೊಳ್ಳಬೇಕು. ಇನ್ನೊಂದು, ಬಿಚ್ಚಿದ ಹಳೇ ಸಾಮಾನು ಅಲ್ಲೇ ಕೈಗೆ ಇಸಿದುಕೊಳ್ಳಿ. ನಮ್ಮ ಸಿಡಿಐ, ಕಾಯಿಲ್ ಎರಡೂ ಚೆನ್ನಾಗಿದ್ದವು. ಕೇಳಿದರೆ "ಗುಜರಿಗೆ ಹೋಯ್ತು ಕಣಣ್ಣ" ಅಂತಾನೆ.