ಮುಂದೆ ಬರೋ ಕ್ಯಾಮೆರಾಗೆ ಈಗ್ಲೇ ಲೆನ್ಸ್ ತಗೊಂಡು ಕೆಟ್ಟೆ, ನೀವು ಹುಷಾರು

ತುಮಕೂರು ಕಡೆ ಮದುವೆ ಫೋಟೋಗ್ರಫಿ ಶುರು ಮಾಡ್ತಿರೋ ಹುಡುಗ್ರು ಇದನ್ನ ಓದ್ಕೊಳ್ಳಿ, ನಾನು ದುಡ್ಡು ಕೊಟ್ಟು ಕಲ್ತಿದ್ದು ನಿಮಗೆ ಪುಕ್ಕಟೆ.

2016ರಲ್ಲಿ ನನ್ ಹತ್ರ ಇದ್ದಿದ್ದು ಕ್ಯಾನನ್ 70ಡಿ, ಅಂದ್ರೆ ಕ್ರಾಪ್ ಸೆನ್ಸರ್, ಫೋಟೋ ಹಿಡಿಯೋ ಒಳಗಿನ ಚಿಪ್ ಚಿಕ್ಕದು. ಆಗ ನಮ್ ಲೈನಲ್ಲಿ ಎಲ್ರ ಬಾಯಲ್ಲೂ ಒಂದೇ ಮಾತು, ಇನ್ನೆರಡು ವರ್ಷ ಅಷ್ಟೇ, ಎಲ್ಲಾ ಫುಲ್ ಫ್ರೇಮ್ (ದೊಡ್ಡ ಸೆನ್ಸರ್) ಆಗೋಗುತ್ತೆ, ಕ್ರಾಪ್ ಲೆನ್ಸ್ ಕೇಳೋರೇ ಇರಲ್ಲ ಅಂತ. ಲೆನ್ಸ್ ಮಾರಿದ ಅಣ್ಣನೂ ಅದನ್ನೇ ಹೇಳಿದ್ರು, "ಕ್ಯಾಮೆರಾ ಬಾಡಿ ಬದಲಾಯಿಸ್ತಾನೇ ಇರ್ತೀಯ ಕಣಪ್ಪಾ, ಲೆನ್ಸ್ ಒಂದೇ ಸಲ ಒಳ್ಳೇದು ತಗೋ". ಕ್ರಾಪಿಗೆ ಅಂತ್ಲೇ ಮಾಡಿದ 17-55 ಎಂಎಂ ಲೆನ್ಸ್ ತಗೋಣ ಅಂತ ಹೋದೋನು ಚೀಟಿ ದುಡ್ಡೆಲ್ಲಾ ಸುರಿದು ಫುಲ್ ಫ್ರೇಮಿಗೆ ಮಾಡಿದ ಸೆಕೆಂಡ್ ಹ್ಯಾಂಡ್ 24-70 ಎಫ್ 2.8 ತಗೊಂಡ್ ಬಂದೆ, ಸಾಲದ್ದಕ್ಕೆ ಕ್ಯಾಮೆರಾ ಜೊತೆ ಬಂದಿದ್ದ ಕಿಟ್ ಲೆನ್ಸನ್ನೂ ಅಲ್ಲೇ ಎಕ್ಸ್‌ಚೇಂಜಿಗೆ ಕೊಟ್ಟೆ, ಬುದ್ಧಿ ನೋಡಿ ನಂದು.

ಮೊದಲ್ನೇ ಆರ್ಡರ್ ಗುಬ್ಬಿ ಹತ್ರ ಒಂದ್ ಹಳ್ಳೀಲಿ, ಅರಿಶಿನದ ಶಾಸ್ತ್ರ, ನಡುಮನೆ ಇರೋದೇ ಹತ್ತಡಿ, ಅದ್ರಲ್ಲಿ ಮೂವತ್ತು ಜನ. ಎಂಎಂ ನಂಬರ್ ಕಮ್ಮಿ ಇದ್ದಷ್ಟೂ ಫ್ರೇಮಲ್ಲಿ ಜಾಸ್ತಿ ಜಾಗ ಸಿಗುತ್ತೆ, ಕ್ಯಾನನ್ ಕ್ರಾಪಲ್ಲಿ ಆ ನಂಬರನ್ನ 1.6ರಿಂದ ಗುಣಿಸ್ಬೇಕು, ಅಲ್ಲಿಗೆ 24 ಹೋಗಿ 38 ಆಯ್ತು, ಅದೇ 17 ಆಗಿದ್ರೆ 27 ಸಿಗ್ತಿತ್ತು. ಹಿಂದೆ ಹಿಂದೆ ಸರಿದು ಬೆನ್ನು ಗೋಡೆಗೆ ತಾಗ್ತು, ಆದ್ರೂ ಹುಡುಗಿ ಫ್ರೇಮಿಗೆ ಬಂದ್ರೆ ಅರಿಶಿನ ಹಚ್ಚೋರ ತಲೆ ಇಲ್ಲ, ಅವ್ರು ಬಂದ್ರೆ ಇವಳ ಕೈ ಇಲ್ಲ. ಒಬ್ರು ಅಜ್ಜಿ "ಬಚ್ಚಲ್ಮನೇಲಿ ನಿಂತ್ಕಂಡು ತೆಗೀತೀಯೇನ್ಲಾ ಮಗಾ" ಅಂದ್ರು, ಎಲ್ರೂ ನಕ್ರು. ನಾನು ನಿಜವಾಗ್ಲೂ ಬಚ್ಚಲ ಹೊಸ್ತಿಲಲ್ಲೇ ನಿಂತು ತೆಗೆದೆ.

ಬಾಡಿ ಬದಲಾಯಿಸೋಕೆ ದುಡ್ಡು ಕೂಡ್ಲೇ ಇಲ್ಲ, ಹೀಗೇ ವರ್ಷಗಟ್ಲೆ. ಅಷ್ಟರಲ್ಲಿ 2018ರಲ್ಲಿ ಕ್ಯಾನನ್‌ನೋರು ಇಒಎಸ್ ಆರ್ ಬಿಟ್ರು, ಫುಲ್ ಫ್ರೇಮೇ, ಆದ್ರೆ ಮೌಂಟೇ, ಅಂದ್ರೆ ಲೆನ್ಸ್ ಕೂರಿಸೋ ಬಾಯೇ ಬೇರೆ! ಅಡಾಪ್ಟರ್ ಹಾಕಿದ್ರೆ ನನ್ ಲೆನ್ಸ್ ಚೆನ್ನಾಗೇ ನಡೆಯುತ್ತೆ, ಸುಳ್ಳು ಹೇಳಲ್ಲ, ಆದ್ರೆ ಮಾರೋಕೆ ಹೋದಾಗ ಕೊಟ್ಟಿದ್ರಲ್ಲಿ ಅರ್ಧಾನೂ ಯಾರೂ ಕೇಳ್ಲಿಲ್ಲ. ಇನ್ನೂ ತಮಾಷೆ ಅಂದ್ರೆ ಸತ್ತೋಗುತ್ತೆ ಅಂದಿದ್ದ ಕ್ರಾಪಲ್ಲೇ ಅವ್ರು 2022ರಲ್ಲಿ ಆರ್7, ಆರ್10 ತಂದ್ರು.

ಉಲ್ಟಾ ಹೊಡೆತನೂ ಇದೆ, ಕ್ರಾಪ್ ಲೆನ್ಸ್ ತಗೊಂಡು ಆಮೇಲೆ ಫುಲ್ ಫ್ರೇಮಿಗೆ ಹೋದ್ರೆ. ಕ್ಯಾನನ್‌ನ ಕ್ರಾಪ್ ಲೆನ್ಸ್ ಇಎಫ್-ಎಸ್, 6ಡಿ ಥರದ ಫುಲ್ ಫ್ರೇಮ್ ಕ್ಯಾಮೆರಾಗೆ ಕೂರೋದೇ ಇಲ್ಲ. ನಿಕಾನ್‌ನ ಕ್ರಾಪ್ ಲೆನ್ಸ್ ಡಿಎಕ್ಸ್ ಕೂರುತ್ತೆ, ಆದ್ರೆ ಫುಲ್ ಫ್ರೇಮ್ ಡಿ750ಗೆ ಹಾಕಿದ್ರೆ ಕ್ಯಾಮೆರಾನೇ ಕ್ರಾಪ್ ಮಾಡ್ಕೊಂಡು 24 ಮೆಗಾಪಿಕ್ಸೆಲ್ ಇರೋದು ಹತ್ತಕ್ಕೆ ಇಳಿಯುತ್ತೆ. ಅದಕ್ಕೇ ಯಾರಾದ್ರೂ ಮುಂದಕ್ಕೆ ಆಗುತ್ತೆ ಅಂದ್ರೆ ಯಾವ ಕ್ಯಾಮೆರಾಗೆ, ಯಾವ ಮೌಂಟಿಗೆ ಅಂತ ಬಾಯ್ಬಿಟ್ಟು ಕೇಳಿ, ಆ ಲೆನ್ಸನ್ನ ಒಂದಿನ ಬಾಡಿಗೆಗೆ ತಂದು ನಿಮ್ಮ ಈಗಿನ ಕ್ಯಾಮೆರಾಗೆ ಹಾಕಿ ಮನೆ ಒಳಗೇ ನಾಲ್ಕು ಜನರನ್ನ ನಿಲ್ಸಿ ತೆಗೆದು ನೋಡಿ. ಹಳೇ ಫೋಟೋಗಳ ಡೀಟೇಲ್ಸಲ್ಲಿ ಎಷ್ಟು ಎಂಎಂ ಅಂತ ಬರ್ದಿರುತ್ತೆ, ಅದನ್ನೂ ನೋಡಿ. ನಾನು ನೋಡಿದ್ದು ಲೆನ್ಸ್ ತಗೊಂಡು ಆರು ತಿಂಗಳಾದ್ಮೇಲೆ. ಎಕ್ಸ್‌ಚೇಂಜಿಗೆ ಕೊಟ್ಟ ಆ ಕಿಟ್ ಲೆನ್ಸಲ್ಲಿ ತೆಗೆದ ಶಾಸ್ತ್ರದ ಫೋಟೋ ಹೆಚ್ಚುಕಮ್ಮಿ ಎಲ್ಲಾ 18ರಲ್ಲೇ ಇದ್ವು.