ಬೀರು–ಗೋಡೆ ನಡುವಿನ ಸಂದಿಗೆ ಸೀಲೆಂಟ್: ನಾಲ್ಕು ಮಳೆಗಾಲಗಳ ಅನುಭವ

ಚಿಕ್ಕಮಗಳೂರಿನ ನಮ್ಮ ಮನೆಯ ಮಲಗುವ ಕೋಣೆಗೆ 2021ರಲ್ಲಿ ನೆಲದಿಂದ ಸೂರಿನವರೆಗೆ ಪ್ಲೈವುಡ್ ವಾರ್ಡ್‌ರೋಬ್ ಮಾಡಿಸಿದೆವು. ಬಡಗಿಯ ಅಳತೆ ತಪ್ಪಿರಲಿಲ್ಲ. ಗೋಡೆಯೇ ನೆಟ್ಟಗಿರಲಿಲ್ಲವಾದ್ದರಿಂದ, ಕೆಳಗೆ ಬೆಂಕಿಕಡ್ಡಿ ತೂರುವಷ್ಟಿದ್ದ ಸಂದಿ ಮೇಲೆ ಹೋಗುತ್ತ ಕಿರುಬೆರಳು ಹಿಡಿಸುವಷ್ಟು ಅಗಲವಾಗಿತ್ತು. ಅದರೊಳಗೆ ಜಿರಳೆ ಮನೆ ಮಾಡಿಕೊಂಡ ಮೇಲೆ ಮುಚ್ಚಲೇಬೇಕಾಯಿತು. ಎಲ್ಲರೂ ಹೇಳುವ ವೈಟ್ ಸಿಮೆಂಟನ್ನೇ ಮೊದಲು ತುಂಬಿಸಿದೆ. ಮರ ಅಲುಗಿದಂತೆ ತಾನೂ ಅಲುಗುವ ಗುಣ ಅದಕ್ಕಿಲ್ಲ. ಎರಡೇ ತಿಂಗಳಲ್ಲಿ ಚಕ್ಕೆಚಕ್ಕೆಯಾಗಿ ಬಟ್ಟೆಗಳ ಮೇಲೆ ಉದುರಿತು.

ಆಮೇಲೆ ತಂದದ್ದು ಪೇಂಟ್ ಅಂಗಡಿಯಲ್ಲಿ ಸಿಗುವ ಬಿಳಿಯ ಅಕ್ರಿಲಿಕ್ ಸೀಲೆಂಟ್, ಅಂದರೆ ಟ್ಯೂಬಿನಲ್ಲಿ ಬರುವ, ಸಂದಿ ಮುಚ್ಚುವ ಪೇಸ್ಟ್. ಇದು ನೀರಿನಲ್ಲಿ ಕಲಸಿದ ವಸ್ತು. ಆ ನೀರು ಆರಿದಂತೆ ಗಟ್ಟಿಯಾಗುತ್ತದೆ, ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ. ನಾನು ಹಾಕಿದ್ದು ಆಗಸ್ಟ್ ತಿಂಗಳಲ್ಲಿ. ವಾರವಿಡೀ ಬಿಡದೆ ಮಳೆ ಸುರಿಯುತ್ತಿದ್ದಾಗ ನಾಲ್ಕು ದಿನವಾದರೂ ಬೆರಳಿಟ್ಟರೆ ಗುರುತು ಬೀಳುತ್ತಿತ್ತು. ಅಂತೂ ಆರಿತು, ಆದರೆ ಮುಂದಿನ ಮಾರ್ಚ್ ಹೊತ್ತಿಗೆ ಗೋಡೆಯ ಕಡೆಯಲ್ಲಿ ಕೂದಲೆಳೆಯಂಥ ಬಿರುಕು ಉದ್ದಕ್ಕೂ ಕಾಣಿಸಿಕೊಂಡಿತು.

ಸೀಲೆಂಟ್ ಕಳಪೆಯೆಂದು ಅಂಗಡಿಯವರ ಮೇಲೆ ರೇಗಿದ್ದೆ. ತಪ್ಪು ನನ್ನದೇ ಆಗಿತ್ತು. ಪ್ಲೈವುಡ್ ಅಷ್ಟಾಗಿ ಉಬ್ಬುವುದಿಲ್ಲವಾದರೂ ಅದರ ಅಂಚಿಗೆ ಹೊಡೆದ ಗಟ್ಟಿ ಮರದ ಬೀಡಿಂಗ್ (ಕಿರಿದಾದ ಪಟ್ಟಿ) ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆಗಸ್ಟ್‌ನಲ್ಲಿ ಸಂದಿ ಅತ್ಯಂತ ಕಿರಿದಾಗಿರುವಾಗ ತುಂಬಿದ ಸೀಲೆಂಟ್ ಬೇಸಿಗೆಯಲ್ಲಿ ಎಳೆತಕ್ಕೆ ಸಿಕ್ಕು ಹರಿಯುತ್ತದೆ. ಸಂದಿ ಪೂರ್ತಿ ಬಾಯಿ ತೆರೆದಿರುವ ಮಾರ್ಚ್‌ನಲ್ಲಿ ತುಂಬಿದರೆ ಮುಂದೆ ಅದಕ್ಕೆ ಒತ್ತಡ ಬೀಳುವುದೇ ಹೊರತು ಎಳೆತವಲ್ಲ. 2022ರ ಮಾರ್ಚ್‌ನಲ್ಲಿ ಹಳೆಯದನ್ನು ಬ್ಲೇಡಿನಿಂದ ಕೆತ್ತಿ ತೆಗೆದು, ಅದೇ ಸೀಲೆಂಟನ್ನು ಮತ್ತೆ ಹಾಕಿದೆ. ಅಲ್ಲಿಂದ ಈಚೆಗೆ ನಾಲ್ಕು ಮಳೆಗಾಲ ಕಳೆದರೂ ಆ ಗೆರೆ ಬಿಟ್ಟುಕೊಂಡಿಲ್ಲ.

ಎರಡನೆಯ ಸಲ ಬದಲಾದದ್ದು ತಿಂಗಳೊಂದೇ ಅಲ್ಲ. ಮೇಲ್ಭಾಗದ ಅಗಲವಾದ ಸಂದಿಗೆ ಸೀಲೆಂಟನ್ನೇ ಸುರಿಯುವ ಬದಲು ಮೊದಲು ಫೋಮ್ ರಾಡ್ (ಸ್ಪಂಜಿನಂಥ ಮೆತ್ತನೆಯ ದುಂಡು ಹುರಿ) ತುರುಕಿದೆ. ಇದರಿಂದ ಸೀಲೆಂಟ್ ಕಡಿಮೆ ಸಾಕಾಗುತ್ತದೆ ಎನ್ನುವುದು ಸಣ್ಣ ಲಾಭ. ಸೀಲೆಂಟ್ ಹಿಂಬದಿಗೆ ಅಂಟಿಕೊಳ್ಳದೆ ಎರಡು ಪಕ್ಕಗಳಿಗೆ ಮಾತ್ರ ಅಂಟಿ, ರಬ್ಬರಿನಂತೆ ಹಿಗ್ಗಿ ಕುಗ್ಗಲು ಅವಕಾಶ ಸಿಗುತ್ತದೆ ಎನ್ನುವುದೇ ಮುಖ್ಯ. ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸೀಲೆಂಟ್ ಒತ್ತುವ ಗನ್ನಿಗೆ ಹಾಕುವ ಟ್ಯೂಬಿನ ಮೂತಿಯನ್ನು ಓರೆಯಾಗಿ ಕತ್ತರಿಸಿ, ಮೇಲಿನಿಂದ ಕೆಳಕ್ಕೆ ಒಂದೇ ಎಳೆತದಲ್ಲಿ ಗೆರೆ ಎಳೆದು, ಒದ್ದೆ ಬೆರಳಿನಿಂದ ಸವರಿ, ಇನ್ನೂ ಹಸಿಯಿರುವಾಗಲೇ ಟೇಪ್ ಕೀಳಬೇಕು. ಆರಿದ ಮೇಲೆ ಕಿತ್ತರೆ ಗೆರೆಯ ಅಂಚೂ ಜತೆಗೇ ಎದ್ದು ಬರುತ್ತದೆ. 5 ಮಿ.ಮೀ. ಅಗಲ, ಅಷ್ಟೇ ಆಳದ ಸಂದಿಯಾದರೆ 300 ಮಿ.ಲೀ. ಟ್ಯೂಬ್ ಲೆಕ್ಕದಲ್ಲಿ 12 ಮೀಟರ್ ಬರುತ್ತದೆ. ಹೊಸಗೈಯವರು 9 ಮೀಟರ್ ಬಂತೆಂದರೆ ತೃಪ್ತಿಪಡಬೇಕು.

ಅಡುಗೆಮನೆಯ ಗ್ರಾನೈಟ್ ಸ್ಲ್ಯಾಬ್ ಗೋಡೆಯ ಟೈಲ್‌ಗೆ ಸೇರುವಲ್ಲಿ ಸಿಲಿಕೋನ್ ಸೀಲೆಂಟ್ ಬಳಸಿದೆ. ಅಲ್ಲಿ ಸದಾ ನೀರು ಬೀಳುವುದರಿಂದ ಅಕ್ರಿಲಿಕ್ ಬಾಳುವುದಿಲ್ಲ. ಸಿಲಿಕೋನ್ ಗಾಳಿಯ ತೇವವನ್ನೇ ಹೀರಿ ಗಟ್ಟಿಯಾಗುವ ವಸ್ತುವಾದ್ದರಿಂದ ನಮ್ಮ ಮಳೆಗಾಲ ಅದಕ್ಕೆ ಅಡ್ಡಿಯಲ್ಲ, ಹಚ್ಚುವ ಜಾಗ ಮಾತ್ರ ಒಣಗಿರಬೇಕು. ವಿನೆಗರ್ ವಾಸನೆ ಬರುವ ಬಗೆ ಸಿಮೆಂಟ್ ಗಾರೆಗೆ ಸರಿಯಾಗಿ ಕಚ್ಚುವುದಿಲ್ಲ. ವಾಸನೆಯಿಲ್ಲದ ನ್ಯೂಟ್ರಲ್ ಬಗೆಯನ್ನು ಕೇಳಿ ತರುವುದು ಒಳ್ಳೆಯದು. ಬೂಷ್ಟು ನಿರೋಧಕವೆಂದು ಬರೆದಿದ್ದ ಟ್ಯೂಬನ್ನೇ ತಂದಿದ್ದರೂ ಸಿಂಕಿನ ಮೂಲೆಯಲ್ಲಿ ಎರಡು ವರ್ಷಕ್ಕೆ ಕಪ್ಪು ಚುಕ್ಕೆಗಳು ಬಂದವು. ಉಳಿದ ಭಾಗ ಇಂದಿಗೂ ಬೆಳ್ಳಗಿದೆ.

ಉಳಿದಿದ್ದ ಸಿಲಿಕೋನನ್ನು ಹಾಳು ಮಾಡುವುದೇಕೆಂದು ನಡುಮನೆಯ ಶೋಕೇಸ್ ಪಕ್ಕಕ್ಕೆ ಎಳೆದದ್ದು ಶುದ್ಧ ದಡ್ಡತನ. ಮರುವರ್ಷ ಬಣ್ಣ ಹೊಡೆಯಲು ಬಂದವರು, ‘ಸಾರ್, ಇದರ ಮೇಲೆ ಬಣ್ಣ ನಿಲ್ಲಲ್ಲ’ ಎಂದು ಬ್ರಷ್ ಆಡಿಸಿಯೇ ತೋರಿಸಿದರು; ಕೆಸುವಿನೆಲೆಯ ಮೇಲಿನ ನೀರಿನಂತೆ ಬಣ್ಣ ಹನಿಹನಿಯಾಗಿ ಸರಿಯಿತು. ಅದನ್ನು ಹೆರೆದು ತೆಗೆಯಲು ಅರ್ಧ ದಿನದ ಕೂಲಿ ಹೋಯಿತು. ಗೋಡೆಯ ಬಣ್ಣಕ್ಕೆ ತಾಗುವ ಕಡೆಯೆಲ್ಲ ನಾನೀಗ ಅಕ್ರಿಲಿಕ್ಕನ್ನೇ ಕೊಳ್ಳುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೂ ಸಂದಿ ಮುಚ್ಚಬಾರದ ಜಾಗವೊಂದಿದೆ. ಪಡುವಣದ ಗೋಡೆಗೆ ನಮ್ಮಲ್ಲಿ ಇರಚಲು ಹೊಡೆದು ಒಳಗೆ ತೇವ ಇಳಿಯುತ್ತದೆ. ಅಲ್ಲಿದ್ದ ಪುಸ್ತಕದ ಬೀರುವನ್ನು ಸುತ್ತಲೂ ಸೀಲ್ ಮಾಡಿದ ವರ್ಷ, ಹಿಂಬದಿಯ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಕೆಳ ಅರೆಯ ಪುಸ್ತಕಗಳಿಗೆ ಬೂಷ್ಟು ಹಿಡಿಯಿತು. ಸೀಲೆಂಟ್ ಕತ್ತರಿಸಿ ತೆಗೆದು, ಹೊರಗೋಡೆಯ ಬಿರುಕುಗಳನ್ನು ಸರಿಮಾಡಿಸಿದ ಮೇಲಷ್ಟೇ ವಾಸನೆ ಹೋಯಿತು. ಆ ಸಂದಿಯನ್ನು ಈಗಲೂ ತೆರೆದೇ ಬಿಟ್ಟಿದ್ದೇನೆ. ಜಿರಳೆಗೆ ಅಲ್ಲಿ ಮದ್ದಿಡುವುದಷ್ಟೇ ಉಳಿದಿರುವ ದಾರಿ.