ಹಪ್ಪಳ ಮಾರಲು ಯಾವುದು ಆಗ್ತದೆ: ವಾಟ್ಸ್‌ಆ್ಯಪ್ಪಾ, ಪೋರ್ಟಲ್ಲಾ, ಸ್ವಂತ ವೆಬ್‌ಸೈಟಾ?

ಉಡುಪಿಯ ರಥಬೀದಿಯ ಹತ್ತಿರ ನಮ್ಮದೊಂದು ಸಣ್ಣ ಅಂಗಡಿ. ಹಲಸಿನ ಹಪ್ಪಳ, ಸಂಡಿಗೆ, ಬಾಳಕ ಮೆಣಸು, ಪುನರ್ಪುಳಿ ಸಿಪ್ಪೆ, ಸಾರಿನ ಪುಡಿ, ಗೇರುಬೀಜ, ಮಿಡಿ ಉಪ್ಪಿನಕಾಯಿ ಇಷ್ಟು ಸರಕು. ಅಂಗಡಿಗೆ ಬಂದು ಕೊಳ್ಳುವವರನ್ನು ಅತ್ತೆ ನೋಡಿಕೊಳ್ಳುತ್ತಾರೆ, ಊರು ಬಿಟ್ಟವರ ವ್ಯಾಪಾರ ನನ್ನ ಪಾಲಿಗೆ. ಮುಂಬೈ, ಪುಣೆ, ಬೆಂಗಳೂರಿನಲ್ಲಿರುವ ನಮ್ಮ ಕಡೆಯವರು ಮೊದಲೆಲ್ಲ ರಜೆಗೆ ಬಂದಾಗ ವರ್ಷಕ್ಕಾಗುವಷ್ಟು ಕಟ್ಟಿಸಿಕೊಂಡು ಹೋಗುತ್ತಿದ್ದರು. ಈಗ ಬೇಕೆನಿಸಿದ ವಾರವೇ ಬೇಕು. ಹಾಗಾಗಿ ಇದೇ ಸರಕನ್ನು ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ, ದೊಡ್ಡದೊಂದು ಆನ್‌ಲೈನ್ ಪೋರ್ಟಲ್‌ನಲ್ಲಿ, ಕೊನೆಗೆ ನಮ್ಮದೇ ವೆಬ್‌ಸೈಟ್‌ನಲ್ಲಿ ಮಾರಿ ನೋಡಿದ್ದೇವೆ. ಕೇಳುವವರೆಲ್ಲ ಮೊದಲು ಕೇಳುವುದು ಕಮಿಷನ್ ಎಷ್ಟು ಅಂತ. ನನ್ನ ಲೆಕ್ಕದಲ್ಲಿ ಅದು ಆಮೇಲಿನ ಮಾತು. ಸರಕು ಎಂಥದ್ದು, ಗಿರಾಕಿಯ ಹೆಸರು, ನಂಬರ್ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಯಾವ ದಾರಿ ಹಿಡಿದರೂ ತಿನ್ನುವ ಸರಕಿಗೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ನಾವು ಮಾಡಿಸುವಾಗ ವಾರ್ಷಿಕ ವಹಿವಾಟು 12 ಲಕ್ಷದ ಒಳಗಿದ್ದವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು. ಆ 14 ಅಂಕಿಯ ಸಂಖ್ಯೆ ಪ್ಯಾಕೆಟಿನ ಮೇಲೆ ಇರಲೇಬೇಕು. ಇನ್ನು ಜಿಎಸ್‌ಟಿ. "ವಾಟ್ಸ್‌ಆ್ಯಪ್‌ನಲ್ಲಿ ಮಾರಿದರೆ ಅದೆಲ್ಲ ಬೇಡ" ಎಂದು ಧೈರ್ಯ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಅದೊಂದನ್ನೇ ಮಾರುವವರಿಗೆ ಆ ಮಾತು ಸರಿ. ಆದರೆ ಉಪ್ಪಿನಕಾಯಿ, ಗೇರುಬೀಜದಂಥ ತೆರಿಗೆ ಇರುವ ಸರಕನ್ನು ಹೊರ ರಾಜ್ಯಕ್ಕೆ ಕಳಿಸುವುದಾದರೆ ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಬೇಕೇ ಬೇಕು, ಆರ್ಡರ್ ಯಾವ ಆ್ಯಪ್‌ನಲ್ಲಿ ಬಂತು ಎಂದು ಕಾನೂನು ಕೇಳುವುದಿಲ್ಲ. ಪೋರ್ಟಲ್‌ನಲ್ಲಿ ರಾಜ್ಯದ ಒಳಗೆ ಮಾತ್ರ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್‌ನಿಂದ ಒಂದಿಷ್ಟು ರಿಯಾಯಿತಿ ಉಂಟು. ಮುಂಬೈ ಗಿರಾಕಿಗಳನ್ನು ನಂಬಿಕೊಂಡ ಉಡುಪಿಯ ಅಂಗಡಿಗೆ ಅದರಿಂದ ಏನೂ ಸುಖ ಇಲ್ಲ.

ವಾಟ್ಸ್‌ಆ್ಯಪ್ ಬಿಸಿನೆಸ್ ಬಂದದ್ದು 2018ರಲ್ಲಿ, ಕ್ಯಾಟಲಾಗ್ ಸೇರಿದ್ದು ಮರುವರ್ಷ. ಶುರು ಮಾಡಲು ಕಾಸು ಖರ್ಚಿಲ್ಲ, ಹೊಸದಾಗಿ ಕಲಿಯಲು ಅಂಥದ್ದೇನೂ ಇಲ್ಲ. ಫೋಟೋ, ತೂಕ, ಬೆಲೆ ಹಾಕಿದರೆ ಆಯಿತು. ಆಮೇಲೆ ಮಾತು ಶುರುವಾಗುತ್ತದೆ.

"ಅಕ್ಕಾ, ಹಲಸಿನ ಹಪ್ಪಳ ಉಂಟಾ?"

"ಉಂಟು. ಖಾರದ್ದಾ, ಸಪ್ಪೆಯದ್ದಾ?"

"ಅಮ್ಮನತ್ರ ಕೇಳಿ ಹೇಳ್ತೇನೆ."

ಮರುದಿನ ಮಧ್ಯಾಹ್ನ: "ಎರಡೂ ಕಳ್ಸಿ. ಉಪ್ಪು ಜಾಸ್ತಿ ಇಲ್ಲ ಅಲ್ವಾ? ಅಮ್ಮನಿಗೆ ಬಿಪಿ ಉಂಟು."

ಎರಡು ಪ್ಯಾಕೆಟ್ ಹಪ್ಪಳಕ್ಕೆ ಎರಡು ದಿನದ ಮಾತು! ಸಾಕಪ್ಪಾ ಸಾಕು ಅನ್ನಿಸುವುದುಂಟು. ಆದರೆ ಆ ಬಿಪಿಯ ಸುದ್ದಿ ಬೇರೆ ಎರಡು ದಾರಿಯಲ್ಲಿ ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಹೀಗೆ ಕೇಳುವವರು ಹೆಚ್ಚಾದಾಗ ಅತ್ತೆ ಸೊಳೆ ರುಬ್ಬಿಸುವಾಗಲೇ ಉಪ್ಪು ಕಡಿಮೆ ಹಾಕಿಸಿ ಒಂದಿಷ್ಟು ಹಪ್ಪಳ ಬೇರೆಯೇ ಮಾಡಿಸಿದರು. ಈಗ ಎಲ್ಲಕ್ಕಿಂತ ಮೊದಲು ಖಾಲಿಯಾಗುವುದು ಅದೇ.

ಇದರ ಮಿತಿಗಳೂ ಗೊತ್ತಿರಲಿ. ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಜನ, ಅದರಲ್ಲೂ ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಅಂದರೆ ಹಳೆ ಗಿರಾಕಿಗಳನ್ನು ಹಿಡಿದಿಟ್ಟುಕೊಳ್ಳಲು ಒಳ್ಳೆಯದು, ಹೊಸಬರನ್ನು ಇದು ತಂದುಕೊಡುವುದಿಲ್ಲ. ಸ್ಟಾಕ್‌ನ ಲೆಕ್ಕವೂ ಅದಕ್ಕೆ ಗೊತ್ತಿಲ್ಲ. ಹಲಸಿನ ಹಪ್ಪಳ ಆಗುವುದು ಬೇಸಗೆಯಲ್ಲಿ, ಮಳೆ ಹಿಡಿಯಿತೆಂದರೆ ಒಣಗಿಸುವ ಹಾಗಿಲ್ಲ. ಆ ಕೆಲವು ವಾರ ಮಾಡಿಟ್ಟದ್ದರಲ್ಲಿ ಇಡೀ ವರ್ಷ ಕಳೆಯಬೇಕು. ಚೌತಿ ದಾಟಿದ ಮೇಲೆ ಉಳಿದ ಪ್ಯಾಕೆಟ್‌ಗಳನ್ನು ಎಣಿಸಿ ಎಣಿಸಿ ಕೊಡುವ ಹೊತ್ತಿಗೆ, ಒಂದೇ ರಾತ್ರಿ ಎಂಟು ಜನ ಕೇಳಿದರೆ ಯಾರಿಗೆ ಉಂಟು ಯಾರಿಗೆ ಇಲ್ಲ ಎಂಬುದು ನನ್ನ ನೋಟ್‌ಬುಕ್ಕಿನಲ್ಲೇ ತೀರ್ಮಾನ ಆಗಬೇಕು.

ಹಣದ ವಿಷಯದಲ್ಲಿ ಮಾತ್ರ ಇದನ್ನು ಸೋಲಿಸುವುದು ಕಷ್ಟ. ಗಿರಾಕಿಯ ಬ್ಯಾಂಕ್ ಖಾತೆಯಿಂದ ಯುಪಿಐಯಲ್ಲಿ ಬಂದ ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿಗೆ ಎಂಡಿಆರ್ ಎಂಬ ಬ್ಯಾಂಕಿನ ಶುಲ್ಕ ಇಲ್ಲ, ನೂರಕ್ಕೆ ನೂರೂ ಖಾತೆಗೆ ಬರುತ್ತದೆ. ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಟ್ಟಬೇಡಿ, ಖಾತೆಯಲ್ಲಿ ನೋಡಿಯೇ ಕಟ್ಟಿ, ಅಷ್ಟೇ. ಮನೆಬಾಗಿಲಿಗೆ ಬಂದು ಚಿಲ್ಲರೆ ಕಾಸು ಸೇರಿಸುವ ಪಿಗ್ಮಿಯನ್ನು 1928ರಲ್ಲೇ ಕಂಡ ಊರು ಇದು, ಸಿಂಡಿಕೇಟ್ ಬ್ಯಾಂಕ್ ಕಟ್ಟಿದ ಟಿ.ಎಂ.ಎ. ಪೈಗಳ ಕಾಲದ್ದು. ನಮ್ಮ ಬೀದಿಗೆ ಈಗಲೂ ಸೊಸೈಟಿಯ ಪಿಗ್ಮಿಯವರು ಬರುತ್ತಾರೆ. ಗಲ್ಲಾಪೆಟ್ಟಿಗೆಯಲ್ಲಿ ನೋಟು ಕಡಿಮೆಯಾಗಿ ಎಲ್ಲ ಫೋನಿಗೇ ಬೀಳತೊಡಗಿದ ಮೇಲೆ, ಅವರಿಗೆ ಕೊಡಲು ಅತ್ತೆ ನೋಟು ಬೇರೆ ತೆಗೆದಿಡಬೇಕಾಗಿದೆ.

ಪೋರ್ಟಲ್‌ನ ಕಥೆಯೇ ಬೇರೆ. ಅಲ್ಲಿ ಗಿರಾಕಿಗೆ ಬರವಿಲ್ಲ. ರಥಬೀದಿ ಎಲ್ಲಿದೆ ಎಂದು ಗೊತ್ತಿಲ್ಲದವರೂ ಕೊಳ್ಳುತ್ತಾರೆ. ಆದರೆ ಕೊಂಡವರು ಯಾರು ಎಂದು ನಮಗೆ ತಿಳಿಯುವುದಿಲ್ಲ. ಪಾರ್ಸೆಲ್ಲಿಗೆ ಅಂಟಿಸುವ ಲೇಬಲ್ ಅವರದು, ಗಿರಾಕಿಯ ನಂಬರ್ ಅವರ ಹತ್ತಿರ. ಇನ್ನೊಮ್ಮೆ ಹಪ್ಪಳ ಬೇಕಾದಾಗ ಆ ಮನುಷ್ಯ ನಮ್ಮನ್ನು ಹುಡುಕುವುದಿಲ್ಲ, ಹಪ್ಪಳವನ್ನು ಹುಡುಕುತ್ತಾನೆ. ಆಗ ನಮ್ಮ ಪಕ್ಕದಲ್ಲೇ ಹತ್ತು ರೂಪಾಯಿ ಕಡಿಮೆಯ ಇನ್ನೊಂದು ಪ್ಯಾಕೆಟ್ ಕಾಣುತ್ತದೆ.

ಕಡಿತಗಳನ್ನು ಒಂದೊಂದಾಗಿ ನೋಡಿ: ಬೆಲೆಯ ಮೇಲೆ ಕಮಿಷನ್, ಪ್ರತಿ ಆರ್ಡರಿಗೆ ನಿಗದಿತ ಶುಲ್ಕ, ಸಾಗಣೆಯ ಶುಲ್ಕ, ಈ ಶುಲ್ಕಗಳ ಮೇಲೆ ಶೇ 18 ಜಿಎಸ್‌ಟಿ. ತೆರಿಗೆ ಇರುವ ಸರಕಾದರೆ ಟಿಸಿಎಸ್ (ಪೋರ್ಟಲ್‌ನವರೇ ಮೊದಲು ಹಿಡಿದು ಸರ್ಕಾರಕ್ಕೆ ಕಟ್ಟುವ ಜಿಎಸ್‌ಟಿ) ಎಂದು ಶೇ 0.5 ಹಿಡಿದಿಡುತ್ತಾರೆ. 2024ರ ಜುಲೈವರೆಗೆ ಅದು ಶೇ 1 ಇತ್ತು. ಇದು ನಮ್ಮ ಲೆಕ್ಕಕ್ಕೇ ಜಮೆ ಆಗುವ ಹಣ, ಹೋಯಿತು ಅಂತಲ್ಲ, ಆದರೆ ಅಷ್ಟು ದಿನ ಕೈಯಲ್ಲಿ ಓಡುವುದಿಲ್ಲ. ಉಳಿದ ಹಣವೂ ಸರಕು ತಲುಪಿ ಕೆಲವು ದಿನ ಆದ ಮೇಲೆಯೇ ಬರುವುದು.

ಇದನ್ನೆಲ್ಲ ಸಹಿಸಬಹುದು. ನನಗೆ ತಡೆಯದ್ದು ರಿವ್ಯೂ. ಒಬ್ಬರು ಒಂದು ಸ್ಟಾರ್ ಕೊಟ್ಟು ಬರೆದರು: "ಹಪ್ಪಳದಲ್ಲಿ ಹಲಸಿನ ವಾಸನೆ ಬರುತ್ತಿದೆ." ಹಲಸಿನ ಹಪ್ಪಳದಲ್ಲಿ ಮತ್ತೆಂಥ ವಾಸನೆ ಬರಬೇಕು ಮಾರಾಯ್ರೆ? ಅಂಗಡಿಗೆ ಬಂದವರಾದರೆ ಅತ್ತೆ ಒಂದು ಹಪ್ಪಳ ಕರಿದು ಕೈಗೆ ಕೊಟ್ಟು ಮಾತು ಮುಗಿಸುತ್ತಿದ್ದರು. ಉದ್ದಿನ ಹಪ್ಪಳ ಎಂದುಕೊಂಡು ತೆಗೆದುಕೊಂಡ ಆ ಮಹಾಶಯರಿಗೆ ಉತ್ತರ ಹೇಳೋಣವೆಂದರೆ ನಂಬರ್ ಇಲ್ಲ. ಒಡೆದ ಹಪ್ಪಳದ ಫೋಟೋ ಹಾಕಿದರೆ ಹಣ ವಾಪಸ್, ಸರಕೂ ಅಲ್ಲಿಯೇ.

ಆದರೆ ಗೇರುಬೀಜಕ್ಕೆ ಇದೇ ಪೋರ್ಟಲ್ ಚೆನ್ನಾಗಿ ಒಗ್ಗಿತು. ಗೇರುಬೀಜಕ್ಕೆ ಗ್ರೇಡ್ ಉಂಟು. 240 ಎಂದರೆ ಒಂದು ಪೌಂಡಿಗೆ ಸುಮಾರು ಅಷ್ಟು ಇಡೀ ಬೀಜ, 320 ಎಂದರೆ ಅದಕ್ಕಿಂತ ಸಣ್ಣದು. ಕೊಳ್ಳುವವರಿಗೆ ಏನು ಬರುತ್ತದೆಂದು ಮೊದಲೇ ಗೊತ್ತು, ದಾರಿಯಲ್ಲಿ ಒಡೆಯುವ ಭಯ ಕಡಿಮೆ, ಜಾಗ ತಿನ್ನದ ಸರಕಿಗೆ ಬೆಲೆಯೂ ಒಳ್ಳೆಯದು. ಮಾತಾಡದೆ ಮಾರಬಹುದಾದ ಸರಕಿದ್ದರೆ ಪೋರ್ಟಲ್‌ಗೆ ಹೋಗಿ. ಮಾತು ಬೇಡುವ ಸರಕನ್ನು ಅಲ್ಲಿಗೆ ಹಾಕಿದರೆ ಹೊಟ್ಟೆ ಉರಿಸಿಕೊಳ್ಳುವುದೇ ಆಗುತ್ತದೆ.

ಮೂರನೆಯದು ವೆಬ್‌ಸೈಟ್. ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಮೇಲೆ ಅಂಗಡಿ ನಡೆಸುವ ವೂಕಾಮರ್ಸ್ ಹಾಕಿದ್ದೇವೆ. ಅದು ಉಚಿತ, ಆದರೆ ಡೊಮೇನ್ ಮತ್ತು ಹೋಸ್ಟಿಂಗ್‌ಗೆ ವರ್ಷ ವರ್ಷ ಕಟ್ಟಬೇಕು. ಸೈಟಿನಲ್ಲಿ ಹಣ ಪಡೆದು ನಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇಯ ಶುಲ್ಕ ಸಾಮಾನ್ಯವಾಗಿ ಶೇ 2ರ ಆಸುಪಾಸು, ಅದರ ಮೇಲೆ ಜಿಎಸ್‌ಟಿ. ಗೇಟ್‌ವೇಯವರು ಒಪ್ಪಬೇಕಾದರೆ ರಿಫಂಡ್ ನಿಯಮ, ಗೌಪ್ಯತೆಯ ನಿಯಮ, ವಿಳಾಸ ಎಲ್ಲದರ ಪುಟ ಇರಬೇಕು. 2020ರ ಇ-ಕಾಮರ್ಸ್ ನಿಯಮದಂತೆ ದೂರು ಕೇಳುವ ಅಧಿಕಾರಿಯ ಹೆಸರೂ ಹಾಕಬೇಕು, ದೂರು ಬಂದ 48 ಗಂಟೆಯೊಳಗೆ ಅದು ತಲುಪಿತೆಂದು ತಿಳಿಸಬೇಕು. ನಮ್ಮಲ್ಲಿ ಗ್ರೀವೆನ್ಸ್ ಆಫೀಸರ್ ನಾನೇ. ಪುರಭವನದಲ್ಲಿ ಸನ್ಮಾನ ಆಗುವಷ್ಟು ದೊಡ್ಡ ಹುದ್ದೆ ಎಂದು ಮನೆಯಲ್ಲಿ ತಮಾಷೆ.

ಸೈಟ್ ತೆರೆದ ಹೊಸತರಲ್ಲಿ ಗದ್ದೆಯ ನಡುವೆ ಅಂಗಡಿ ಹಾಕಿದ ಹಾಗಿತ್ತು, ಆ ಕಡೆ ಒಂದು ನರಪಿಳ್ಳೆ ಇಲ್ಲ. ಜಾಹೀರಾತಿಗೆ ಹಾಕಿದ ಹಣದಿಂದ ನೋಡುವವರು ಬಂದರು, ಕೊಳ್ಳುವವರು ಬರಲಿಲ್ಲ. ಬದಲಾವಣೆ ಆದದ್ದು ಪ್ಯಾಕೆಟಿನ ಹಿಂದೆ ಕ್ಯೂಆರ್ ಕೋಡ್ ಅಚ್ಚು ಹಾಕಿಸಿದ ಮೇಲೆ. ಪರ್ಯಾಯಕ್ಕೋ ಅಷ್ಟಮಿಗೋ ಬಂದವರು ಅಂಗಡಿಯಿಂದ ಒಂದು ಪ್ಯಾಕೆಟ್ ಒಯ್ಯುತ್ತಾರೆ. ಮುಂಬೈ ಪಕ್ಕದ ಡೊಂಬಿವಲಿಯ ಅಡುಗೆಮನೆಯಲ್ಲಿ ಅದು ಖಾಲಿಯಾದಾಗ ಖಾಲಿ ಪ್ಯಾಕೆಟನ್ನೇ ಫೋನಿಗೆ ತೋರಿಸಿದರೆ ಸಾಕು, ಅದೇ ಹಪ್ಪಳದ ಪುಟ ತೆರೆಯುತ್ತದೆ. ವಿಳಾಸ, ಪಿನ್‌ಕೋಡ್ ಅವರೇ ಟೈಪ್ ಮಾಡುತ್ತಾರೆ, ಹಣ ಮೊದಲೇ ಬರುತ್ತದೆ, ಸ್ಟಾಕ್ ತಾನಾಗಿ ಇಳಿಯುತ್ತದೆ, ಮುಗಿದರೆ "ಖಾಲಿ" ಎಂದು ತೋರಿಸುತ್ತದೆ. ರಾತ್ರಿ ಹನ್ನೊಂದಕ್ಕೆ ನನ್ನ ಫೋನ್ ಕುಣಿಯುವುದಿಲ್ಲ. ಗಿರಾಕಿಯ ಹೆಸರು, ನಂಬರ್ ನಮ್ಮ ಹತ್ತಿರವೇ ಉಳಿಯುತ್ತದೆ. ಹಿರಿಯರು ಮಾತ್ರ ಒಟಿಪಿಯ ಹತ್ತಿರ ನಿಂತುಬಿಡುತ್ತಾರೆ, ಸ್ಕ್ರೀನಿನ ಫೋಟೋ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುತ್ತಾರೆ: "ಇದು ಎಂತ ಕೇಳ್ತಾ ಉಂಟು?"

ಮೂರಕ್ಕೂ ಸಮಾನವಾಗಿ ಅನ್ವಯಿಸುವ, ಯಾರೂ ಮೊದಲೇ ಹೇಳದ ಒಂದು ಖರ್ಚು ಉಂಟು. ಕೊರಿಯರ್‌ನವರು ತೂಕವನ್ನಷ್ಟೇ ನೋಡುವುದಿಲ್ಲ, ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. 30, 25, 10 ಅಳತೆಯ ಪೆಟ್ಟಿಗೆಯಲ್ಲಿ ಅರ್ಧ ಕಿಲೋ ಹಪ್ಪಳ ಇಟ್ಟರೆ ಬಿಲ್ ಆಗುವುದು ಒಂದೂವರೆ ಕಿಲೋಗೆ! ಹಪ್ಪಳವನ್ನು ಹರಡಿ ಇಡದೆ ಒಂದರ ಮೇಲೊಂದು ಪೇರಿಸಿ, ಮೇಲೂ ಕೆಳಗೂ ದಪ್ಪ ರಟ್ಟಿನ ಬಿಲ್ಲೆ ಕೊಟ್ಟು, ನೂಲಿನಲ್ಲಿ ಕಟ್ಟಿ, 16, 16, 12ರ ಪೆಟ್ಟಿಗೆಗೆ ಇಳಿಸಿದರೆ ಅದೇ ಲೆಕ್ಕ ಸುಮಾರು 600 ಗ್ರಾಮಿಗೆ ಬರುತ್ತದೆ. ಒಡೆಯುವುದೂ ಕಡಿಮೆ, ಏಕೆಂದರೆ ಒಳಗೆ ಅಲ್ಲಾಡಲು ಜಾಗ ಇಲ್ಲ. ನಮಗೆ ಕಮಿಷನ್ ಚೌಕಾಸಿಯಿಂದ ಉಳಿದದ್ದಕ್ಕಿಂತ ಈ ಪೆಟ್ಟಿಗೆಯಿಂದ ಉಳಿದದ್ದೇ ಹೆಚ್ಚು.

ಈಗಿನ ನಮ್ಮ ವ್ಯವಸ್ಥೆ ಹೀಗೆ: ಪೋರ್ಟಲ್‌ನಲ್ಲಿ ಗೇರುಬೀಜ ಮಾತ್ರ. ಹಪ್ಪಳ, ಸಂಡಿಗೆ, ಪುಡಿಗಳೆಲ್ಲ ವೆಬ್‌ಸೈಟ್‌ನಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಮಾತು, ಮಾತು ಮುಗಿದ ಮೇಲೆ ಸೈಟಿನ ಲಿಂಕ್. ಲಿಂಕ್ ಬೇಡ ಎನ್ನುವ ಹಿರಿಯರಿಗೆ ಹಳೆಯ ಕ್ರಮವೇ. ಹೊಸದಾಗಿ ಶುರು ಮಾಡುವವರು ವಾಟ್ಸ್‌ಆ್ಯಪ್‌ನಿಂದಲೇ ಹೊರಡಿ, ಒಂದು ಹಂಗಾಮು ಕಳೆಯುವವರೆಗೆ ವೆಬ್‌ಸೈಟಿಗೆ ದುಡ್ಡು ಹಾಕಬೇಡಿ. ಜನ ಏನು ಕೇಳುತ್ತಾರೆಂದು ಗೊತ್ತಾಗದೆ ಸೈಟಿನಲ್ಲಿ ಬರೆಯುವುದಾದರೂ ಏನನ್ನು? ಸರ್ಕಾರದ ಬೆಂಬಲದ ಆನ್‌ಲೈನ್ ಮಾರಾಟ ಜಾಲ ಒಎನ್‌ಡಿಸಿಯಲ್ಲಿ ನಾವಿನ್ನೂ ಮಾರಿ ನೋಡಿಲ್ಲ, ಹಾಗಾಗಿ ಅದರ ಮಾತು ಇಲ್ಲಿ ಬೇಡ.

ಮಿಡಿ ಉಪ್ಪಿನಕಾಯಿ ಮಾತ್ರ ಮೂರಕ್ಕೂ ಒಗ್ಗಲಿಲ್ಲ. ಉಪ್ಪುನೀರಿನಲ್ಲಿ ಹಾಕಿದ ಮಿಡಿ ಪೌಚಿನೊಳಗೆ ಹುಳಿಯುತ್ತಾ ಗಾಳಿ ತುಂಬಿ ಉಬ್ಬುತ್ತದೆ, ಬಾಟ್ಲಿಯಾದರೆ ದಾರಿಯಲ್ಲಿ ಸೋರುತ್ತದೆ. ಬೆಂಗಳೂರಿನವರಿಗೆ ಅದನ್ನು ರಾತ್ರಿ ಬಸ್ಸಿನಲ್ಲಿ ಕಳಿಸುತ್ತೇವೆ. ಸಂಜೆ ಬಸ್ಸಿನ ಆಫೀಸಿಗೆ ಡಬ್ಬಿ ಕೊಟ್ಟು, ರಶೀದಿಯ ಫೋಟೋ ತೆಗೆದು ಗಿರಾಕಿಗೆ ಹಾಕುತ್ತೇನೆ. ಬೆಳಿಗ್ಗೆ ಅವರೇ ಹೋಗಿ ಬಿಡಿಸಿಕೊಂಡು, ಮುಚ್ಚಳ ತೆಗೆದು ನೋಡಿ, ಆಮೇಲೆ ಹಣ ಹಾಕುತ್ತಾರೆ.